ಡಾನ್ ಬಾಸ್ಕೋ: ಅಡುಗೆಮನೆಯಲ್ಲಿ ಹಾಸಿದ ಮೊದಲ ಹಾಸಿಗೆ

ಡಾನ್ ಬಾಸ್ಕೋ ಎಂದರೆ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗುವುದು ಶಾಲೆ, ಇಲ್ಲವೇ ಕಸುಬು ಕಲಿಸುವ ಸಂಸ್ಥೆ. ಫಲಕದ ಮೇಲೆ ನೋಡಿ ನೋಡಿ, ಅದು ಒಬ್ಬ ಮನುಷ್ಯನ ಹೆಸರು ಎನ್ನುವುದೇ ಮರೆತಂತಾಗಿದೆ. ‘ಡಾನ್’ ಎನ್ನುವುದು ಇಟಲಿಯಲ್ಲಿ ಪಾದ್ರಿಗಳ ಹೆಸರಿಗೆ ಮುಂಚೆ ಸೇರಿಸುವ ಗೌರವದ ಮಾತು, ನಾವು ಫಾದರ್ ಎನ್ನುವ ಹಾಗೆ. ಪೂರ್ಣ ಹೆಸರು ಜೊವಾನಿ ಬಾಸ್ಕೋ. ಇವರು ಶಾಲೆ ಕಟ್ಟುತ್ತೇನೆಂದು ಹೊರಟವರಲ್ಲ. ಟ್ಯೂರಿನ್ ಪಟ್ಟಣದ ಬೀದಿಗಳಲ್ಲಿ ಅಲೆಯುತ್ತಿದ್ದ ಹುಡುಗರಿಗೆ ರಾತ್ರಿ ತಲೆಯಿಡಲು ಒಂದು ಜಾಗ ಬೇಕಿತ್ತು. ಉಳಿದದ್ದೆಲ್ಲ ಅದರ ಬೆನ್ನಿಗೆ ಬಂತು.

ಬಡತನವನ್ನು ಅವರು ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ. 1815ರ ಆಗಸ್ಟ್ 16ರಂದು ಟ್ಯೂರಿನ್ ಸೀಮೆಯ ಬೆಕ್ಕಿ ಎಂಬ ಪುಟ್ಟ ಕೇರಿಯಲ್ಲಿ ಹುಟ್ಟಿದರು. ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ತಾಯಿ ಮಾರ್ಗರಿಟಾ ಅಕ್ಷರ ಕಲಿತವರಲ್ಲ, ಹೊಲ ಮಾಡಿ ಮಕ್ಕಳನ್ನು ಸಾಕಿದರು. ರೈತನ ಮಗನಿಗೆ ಓದು ಯಾತಕ್ಕೆ ಎಂದು ಮಲಣ್ಣ ಆಂತೋನಿಯೊ ಜಗಳ ತೆಗೆದಾಗ, ಮನೆಯ ನೆಮ್ಮದಿಗಾಗಿ ಹನ್ನೆರಡರ ಹುಡುಗ ಇನ್ನೊಬ್ಬರ ಹೊಲದಲ್ಲಿ ಆಳಾಗಿ ದುಡಿಯಲು ಹೋಗಬೇಕಾಯಿತು. ಮುಂದೆ ಕಿಯೇರಿ ಪಟ್ಟಣದಲ್ಲಿ ಓದುವಾಗ ಕಾಫಿ ಅಂಗಡಿಯೊಂದರಲ್ಲಿ ಕೆಲಸ. ಮಲಗುವುದು ಮೆಟ್ಟಿಲ ಕೆಳಗಿನ ಗೂಡಿನಂಥ ಜಾಗದಲ್ಲಿ. ಜಾತ್ರೆಯ ದೊಂಬರಾಟ ನೋಡಿ ಹಗ್ಗದ ಮೇಲಿನ ನಡಿಗೆ, ಕೈಚಳಕದ ಆಟ ಕಲಿತಿದ್ದರು. ಊರ ಮಕ್ಕಳ ಮುಂದೆ ಅದನ್ನಾಡಿ ತೋರಿಸುತ್ತಿದ್ದರು. ನೋಡಲು ಬಂದವರು ಕಾಸು ಕೊಡಬೇಕಾಗಿರಲಿಲ್ಲ, ಜಪಮಾಲೆ ಪ್ರಾರ್ಥನೆಗೆ ಕೂತರೆ ಸಾಕಿತ್ತು.

1841ರ ಜೂನ್ 5ರಂದು ಗುರುದೀಕ್ಷೆ ಆಯಿತು. ಬಾಸ್ಕೋ ಅವರನ್ನು ಹಿರಿಯ ಗುರು ಜುಸೆಪ್ಪೆ ಕಫಾಸ್ಸೊ ಟ್ಯೂರಿನ್ನಿನ ಸೆರೆಮನೆಗಳಿಗೆ ಕರೆದೊಯ್ದರು. ಅಲ್ಲಿ ಕಂಡದ್ದು ಅವರನ್ನು ಕಡೆಯವರೆಗೂ ಬಿಡಲಿಲ್ಲ. ಹನ್ನೆರಡರಿಂದ ಹದಿನೆಂಟು ವರ್ಷದ, ಗಟ್ಟಿಮುಟ್ಟಾದ, ಚುರುಕು ಹುಡುಗರು ಹೇನು ಹತ್ತಿದ ಮೈಯಲ್ಲಿ ಹಸಿದು ಕೂತಿದ್ದರು. ಅದಕ್ಕಿಂತ ಹೆಚ್ಚಾಗಿ ಕಾಡಿದ್ದು, ಇನ್ನು ತಪ್ಪು ಮಾಡುವುದಿಲ್ಲ ಎಂದು ನಿಜವಾಗಿ ಮನಸ್ಸು ಮಾಡಿ ಹೊರಗೆ ಹೋದವರೇ ಕೆಲವು ದಿನಗಳಲ್ಲಿ ತಿರುಗಿ ಬರುತ್ತಿದ್ದುದು. ಯಾಕೆ ಎಂದು ವಿಚಾರಿಸಿದರೆ ಕಾರಣ ಸರಳವಾಗಿತ್ತು: ಹೊರಗೆ ಅವರಿಗಾಗಿ ಕಾಯುವವರು ಒಬ್ಬರೂ ಇರಲಿಲ್ಲ. ಬೆಟ್ಟದ ಹಳ್ಳಿಗಳಿಂದ ಗಾರೆ ಕೆಲಸಕ್ಕೆ, ಚಿಮಣಿ ಗುಡಿಸುವ ಕೆಲಸಕ್ಕೆ ಬಂದ ಮಕ್ಕಳವರು. ಕೆಲಸ ನಿಂತರೆ ಕೂಲಿ ಇಲ್ಲ, ಕೂಲಿ ಇಲ್ಲದಿದ್ದರೆ ಮಲಗುವ ಜಾಗವೂ ಇಲ್ಲ.

ಆ ವರ್ಷದ ಡಿಸೆಂಬರ್ 8ರಂದು ಪೂಜೆಗೆ ಸಿದ್ಧವಾಗುತ್ತಿದ್ದಾಗ, ಚರ್ಚಿನ ಕೆಲಸಗಾರ ಒಬ್ಬ ಹುಡುಗನನ್ನು ಕೋಲಿನಿಂದ ಹೊಡೆದು ಓಡಿಸುವುದು ಅವರ ಕಣ್ಣಿಗೆ ಬಿತ್ತು. ಅವನು ನನ್ನ ಗೆಳೆಯ, ಹೋಗಿ ಕರೆತಾ ಎಂದರು. ಬಾರ್ತೊಲೊಮಿಯೊ ಗರೆಲ್ಲಿ ಎಂಬ ಹದಿನಾರರ ಅನಾಥ, ಗಾರೆ ಕೆಲಸದವನು. ಓದು ಬರುತ್ತದೆಯೇ? ಇಲ್ಲ. ಬರೆಯಲು? ಇಲ್ಲ. ಹಾಡಲು? ಅದೂ ಇಲ್ಲ. ಸಿಳ್ಳೆ ಹಾಕಲು ಬರುತ್ತದೆಯೇ ಎಂದು ಕೇಳಿದಾಗ ಹುಡುಗ ನಕ್ಕ ಎಂದು ಅವರ ಅನುಯಾಯಿಗಳು ಇಂದಿಗೂ ಹೇಳಿಕೊಳ್ಳುತ್ತಾರೆ. ಮುಂದಿನ ಭಾನುವಾರ ಗರೆಲ್ಲಿ ಗೆಳೆಯರನ್ನೂ ಕರೆತಂದ. ಹೀಗೆ ಕೂಟ ಬೆಳೆಯಿತು.

ಬೆಳೆದ ಕೂಟಕ್ಕೆ ನೆಲೆ ಸಿಗಲಿಲ್ಲ. ನೂರಾರು ಹುಡುಗರು ಕೂಗಾಡುತ್ತಾ ಆಡುವುದನ್ನು ಯಾರು ಸಹಿಸುತ್ತಾರೆ? ಗಿರಣಿಯವರು ದೂರು ಕೊಟ್ಟರು, ಬಾಡಿಗೆ ಮನೆಯವರು ಬಿಡಿಸಿದರು, ಹುಲ್ಲು ಹಾಳಾಯಿತೆಂದು ಹೊಲದವರು ಹೊರಹಾಕಿದರು. ಇಷ್ಟು ಹುಡುಗರನ್ನು ಸೇರಿಸಿಕೊಂಡು ಈ ಪಾದ್ರಿ ಏನೋ ಹೂಡುತ್ತಿದ್ದಾರೆ ಎಂದು ನಗರದ ಅಧಿಕಾರಿ ಮಾರ್ಕ್ವಿಸ್ ಕವೂರ್ ಶಂಕಿಸಿದರು. ಜೊತೆಯ ಪಾದ್ರಿಗಳಿಗೂ ಇವರ ಬುದ್ಧಿ ಸ್ಥಿಮಿತದಲ್ಲಿಲ್ಲ ಎನ್ನಿಸಿ, ಇಬ್ಬರು ಕುದುರೆಗಾಡಿ ತಂದು ಉಪಾಯವಾಗಿ ಹುಚ್ಚಾಸ್ಪತ್ರೆಗೆ ಕರೆದೊಯ್ಯಲು ನೋಡಿದರು. ನೀವು ಮೊದಲು ಹತ್ತಿ ಎಂದು ಅವರಿಬ್ಬರನ್ನೂ ಹತ್ತಿಸಿ, ಬಾಗಿಲು ಹಾಕಿ, ಬಾಸ್ಕೋ ಗಾಡಿಯನ್ನು ಆಸ್ಪತ್ರೆಗೆ ಕಳಿಸಿಬಿಟ್ಟರು.

ಕೊನೆಗೆ 1846ರ ಏಪ್ರಿಲ್ 12ರ ಈಸ್ಟರ್ ಹಬ್ಬದ ದಿನ ವಾಲ್ದೊಕ್ಕೊ ಬಡಾವಣೆಯಲ್ಲಿ ಪಿನಾರ್ದಿ ಎಂಬುವರ ಕೊಟ್ಟಿಗೆಯಂಥ ಒಂದು ಜಾಗ ಸಿಕ್ಕಿತು. ಸೂರು ಎಷ್ಟು ತಗ್ಗಾಗಿತ್ತೆಂದರೆ ನಿಲ್ಲುವುದಕ್ಕಾಗಿ ನೆಲವನ್ನೇ ಅಗೆದು ತಗ್ಗಿಸಬೇಕಾಯಿತು. ಮರುವರ್ಷ ಅಲ್ಲಿಗೆ ಬಂದ ಆರ್ಚ್‌ಬಿಷಪ್ಪರ ಕಿರೀಟ ಸೂರಿಗೆ ತಾಗಿತಂತೆ. ದುಡಿದು ದುಡಿದು ಆ ಬೇಸಿಗೆಯಲ್ಲಿ ಬಾಸ್ಕೋ ಸಾವಿನ ಅಂಚಿಗೆ ಹೋಗಿಬಂದರು. ಚೇತರಿಸಿಕೊಳ್ಳಲು ಊರಿಗೆ ಹೋದವರು ನವೆಂಬರಿನಲ್ಲಿ ಹಿಂತಿರುಗಿದಾಗ ಜೊತೆಯಲ್ಲಿ ತಾಯಿ ಇದ್ದರು. ಐವತ್ತೆಂಟು ವರ್ಷದ ಮಾರ್ಗರಿಟಾ ತಮ್ಮ ಹೊಲ, ಮನೆ, ಮೊಮ್ಮಕ್ಕಳನ್ನು ಬಿಟ್ಟು, ಕೈಯಲ್ಲೊಂದು ಬುಟ್ಟಿ ಹಿಡಿದು ಪಟ್ಟಣಕ್ಕೆ ನಡೆದುಬಂದರು. ಹಣ ಮುಗಿದಾಗ ಕಾಪಿಟ್ಟುಕೊಂಡಿದ್ದ ಮದುವೆಯ ಉಡುಪು, ಸರ ಎರಡೂ ಮಾರಾಟವಾದವು. ಈ ಕಥೆಯಲ್ಲಿ ಮಗನಿಗೆ ಸಲ್ಲುವ ಮರ್ಯಾದೆಯಲ್ಲಿ ಅರ್ಧಪಾಲು ಈ ತಾಯಿಯದೆಂದೇ ನಾನು ನಂಬಿದ್ದೇನೆ.

ಮೊದಲ ಸಲ ಒಂದು ಗುಂಪು ಹುಡುಗರನ್ನು ಅಟ್ಟದಲ್ಲಿ ಮಲಗಿಸಿದಾಗ ಬೆಳಗಾಗುವಷ್ಟರಲ್ಲಿ ಹುಡುಗರೂ ಇರಲಿಲ್ಲ, ಹೊದಿಕೆಗಳೂ ಇರಲಿಲ್ಲ. ಹಾಗಾಗಿ 1847ರ ಮೇ ತಿಂಗಳಲ್ಲಿ, ಮಳೆ ಸುರಿಯುತ್ತಿದ್ದ ಒಂದು ರಾತ್ರಿ ಬಾಗಿಲು ತಟ್ಟಿದ ಹದಿನೈದರ ಹುಡುಗನನ್ನು ಕಂಡು ತಾಯಿ ಮಗ ಇಬ್ಬರಿಗೂ ಅಳುಕು. ಹುಡುಗ ತೊಯ್ದು ತೊಪ್ಪೆಯಾಗಿದ್ದ. ವಾಲ್ಸೆಸಿಯಾ ಕಣಿವೆಯಿಂದ ಗಾರೆ ಕೆಲಸ ಹುಡುಕಿ ಬಂದವನು, ತಂದಿದ್ದ ಮೂರು ಲೀರಾ ಖರ್ಚಾಗಿತ್ತು, ಕೆಲಸ ಸಿಕ್ಕಿರಲಿಲ್ಲ. ಅಮ್ಮ ಅವನನ್ನು ಒಲೆಯ ಬಳಿ ಕೂರಿಸಿ ಬಿಸಿ ಸಾರು, ಬ್ರೆಡ್ ಕೊಟ್ಟರು. ಬಡವ ಹೌದು, ಆದರೆ ಕದ್ದವನಲ್ಲ ಎಂದ ಹುಡುಗ. ಮಾರ್ಗರಿಟಾ ಹೊರಗೆ ಹೋಗಿ ಇಟ್ಟಿಗೆ ಚೂರುಗಳನ್ನು ಆಯ್ದು ತಂದರು. ಅಡುಗೆಮನೆಯಲ್ಲಿ ನಾಲ್ಕು ಪುಟ್ಟ ಕಂಬ ಪೇರಿಸಿ, ಮೇಲೆ ಹಲಗೆ ಜೋಡಿಸಿ, ಮಗನ ಹಾಸಿಗೆಯನ್ನೇ ತಂದು ಹಾಸಿದರು. ಮಲಗುವ ಮುಂಚೆ ದುಡಿಮೆ, ನಿಯತ್ತು, ದೇವರ ಬಗ್ಗೆ ನಾಲ್ಕು ಮಾತು ಹೇಳಿದರು. ಆಮೇಲೆ, ಪಾತ್ರೆ ಪಗಡೆ ಹೋದಾವು ಎಂದು ಅಡುಗೆಮನೆಗೆ ಬೀಗ ಹಾಕಿದರು.

ಆ ಬೀಗವನ್ನು ಬಾಸ್ಕೋ ತಮ್ಮ ನೆನಪಿನ ಬರಹದಲ್ಲಿ ಮುಚ್ಚಿಟ್ಟಿಲ್ಲ. ಅದಕ್ಕೇ ನನಗೆ ಈ ಪ್ರಸಂಗದ ಮೇಲೆ ಪ್ರೀತಿ. ಅನುಮಾನ ಪೂರ್ತಿ ಹೋದಮೇಲೆ ಸಹಾಯ ಮಾಡೋಣ ಎಂದು ಅವರು ಕಾಯಲಿಲ್ಲ. ಭಯ ಇಟ್ಟುಕೊಂಡೇ ಹಾಸಿಗೆ ಹಾಸಿದರು. ಆ ಹುಡುಗನ ಹೆಸರು ಉಳಿದಿಲ್ಲ. ಆದರೆ ಮಲಗುವ ಮುನ್ನ ಮಕ್ಕಳಿಗೆ ನಾಲ್ಕು ಒಳ್ಳೆಯ ಮಾತು ಹೇಳುವ ಪದ್ಧತಿ ಡಾನ್ ಬಾಸ್ಕೋ ಮನೆಗಳಲ್ಲಿ ಈಗಲೂ ಇದೆ.

ಇದೆಲ್ಲ ಸಲೀಸಾಗಿ ನಡೆಯಿತು ಎಂದುಕೊಳ್ಳಬೇಡಿ. ತಾವು ಬೆಳೆಸಿದ ತರಕಾರಿ ಮಡಿಗಳನ್ನು ಹುಡುಗರು ತುಳಿದು ಹಾಳುಮಾಡಿದಾಗ, ಒಗೆದ ಬಟ್ಟೆಗಳನ್ನು ಎಳೆದು ಹರಿದಾಗ, ಸಾಕಪ್ಪಾ, ಊರಿಗೆ ಹೋಗುತ್ತೇನೆ ಎಂದು ಮಾರ್ಗರಿಟಾ ಒಮ್ಮೆ ಹೊರಟೇ ನಿಂತರು. ಮಗ ಮಾತಾಡದೆ ಗೋಡೆಯ ಮೇಲಿನ ಶಿಲುಬೆಯತ್ತ ಕೈ ತೋರಿದರು. ಅಮ್ಮ ಮತ್ತೆ ಏಪ್ರನ್ ಕಟ್ಟಿಕೊಂಡು ಒಲೆಯ ಮುಂದೆ ನಿಂತರು. 1856ರ ನವೆಂಬರಿನಲ್ಲಿ ಕಣ್ಣುಮುಚ್ಚುವವರೆಗೂ ಅಲ್ಲಿಂದ ಕದಲಲಿಲ್ಲ.

ಅನ್ನ, ಹಾಸಿಗೆ ಕೊಟ್ಟರೆ ಮುಗಿಯುವುದಿಲ್ಲ ಎನ್ನುವುದು ಬಾಸ್ಕೋ ಅವರಿಗೆ ಬೇಗ ಅರ್ಥವಾಯಿತು. ಕೆಲಸ ಕಲಿಯಲು ಹೋದ ಹುಡುಗರನ್ನು ಮೇಸ್ತ್ರಿಗಳು ಹೊಡೆಯುತ್ತಿದ್ದರು, ಮನೆಯ ಚಾಕರಿಗೆ ಹಚ್ಚುತ್ತಿದ್ದರು. ಆದ್ದರಿಂದ ಅವರು ಕರಾರುಪತ್ರ ಬರೆಸತೊಡಗಿದರು. 1852ರ ಫೆಬ್ರುವರಿಯಲ್ಲಿ ಜುಸೆಪ್ಪೆ ಒದಾಸ್ಸೊ ಎಂಬ ಹುಡುಗನಿಗಾಗಿ ಬಡಗಿಯೊಬ್ಬನೊಂದಿಗೆ ಮಾಡಿಕೊಂಡ ಪತ್ರ ಇಂದಿಗೂ ಉಳಿದಿದೆ. ಹುಡುಗನನ್ನು ಮಾತಿನಲ್ಲಿ ತಿದ್ದಬೇಕು, ಕೈಮಾಡಬಾರದು. ಕಸುಬಿಗೆ ಸಂಬಂಧವಿಲ್ಲದ ಕೆಲಸ ಹೇಳಬಾರದು. ಭಾನುವಾರ, ಹಬ್ಬದ ದಿನ ಬಿಡುವು ಕೊಡಬೇಕು, ವರ್ಷಕ್ಕೆ ಹದಿನೈದು ದಿನ ರಜೆ ಬೇಕು, ಕೂಲಿ ವರ್ಷದಿಂದ ವರ್ಷಕ್ಕೆ ಏರಬೇಕು. ಬಡ ಹುಡುಗನ ಪರವಾಗಿ ಒಬ್ಬ ಪಾದ್ರಿ ಸಹಿ ಹಾಕಿದ ಈ ಕಾಗದ ನನ್ನ ಕಣ್ಣಿಗೆ ಅವರ ಎಷ್ಟೋ ಪ್ರವಚನಗಳಿಗಿಂತ ದೊಡ್ಡದು. ಮರುವರ್ಷದಿಂದ ತಮ್ಮಲ್ಲೇ ಚಪ್ಪಲಿ ಹೊಲಿಗೆ, ದರ್ಜಿ ಕೆಲಸ, ಆಮೇಲೆ ಪುಸ್ತಕ ಕಟ್ಟುವುದು, ಮರಗೆಲಸ, ಅಚ್ಚುಕೂಟ ಒಂದೊಂದಾಗಿ ಶುರುವಾದವು. ಇಂದು ನಾವು ಕಾಣುವ ಡಾನ್ ಬಾಸ್ಕೋ ತರಬೇತಿ ಕೇಂದ್ರಗಳ ಬೇರು ಅಲ್ಲಿದೆ.

1859ರಲ್ಲಿ, ತಮ್ಮ ಕೈಕೆಳಗೆ ಬೆಳೆದ ಯುವಕರನ್ನೇ ಸೇರಿಸಿಕೊಂಡು ಸಲೇಶಿಯನ್ ಎಂಬ ಧಾರ್ಮಿಕ ಸಭೆ ಕಟ್ಟಿದರು. 1888ರ ಜನವರಿ 31ರಂದು ತೀರಿಕೊಂಡರು, 1934ರಲ್ಲಿ ಸಂತ ಪದವಿ ಬಂತು. ಸಭೆ ಈಗ 130ಕ್ಕೂ ಹೆಚ್ಚು ದೇಶಗಳಲ್ಲಿದೆ. ಭಾರತಕ್ಕೆ ಬಂದದ್ದು 1906ರಲ್ಲಿ, ತಂಜಾವೂರಿಗೆ.

ಬೆಂಗಳೂರಿನಲ್ಲಿ 1980ರಿಂದ ಬೀದಿಮಕ್ಕಳ ನಡುವೆ ದುಡಿಯುತ್ತಿರುವ, ಇದೇ ಸಭೆಯ ‘ಬಾಸ್ಕೋ’ ಸಂಸ್ಥೆಯ ಹೆಸರನ್ನು ಹಲವರು ಕೇಳಿರಬಹುದು. ಇಂಗ್ಲಿಷ್ ಅಕ್ಷರಗಳಲ್ಲಿ ಆ ಹೆಸರನ್ನು ಬಿಡಿಸಿದರೆ ಸಿಗುವುದು ಕನ್ನಡವೇ: ಬೆಂಗಳೂರು ಓಣಿಯವರ ಸೇವಾ ಕೂಟ. ಮನೆಬಿಟ್ಟು ರೈಲು ಹತ್ತಿ ಬಂದ ಮಕ್ಕಳನ್ನು ನಿಲ್ದಾಣಗಳಲ್ಲಿ ಗುರುತಿಸಿ, ಮಾತಾಡಿಸಿ, ಊಟ ಹಾಕಿ, ಸಾಧ್ಯವಾದರೆ ಮನೆಗೆ ಸೇರಿಸುವುದು, ಆಗದಿದ್ದರೆ ನೆಲೆ ಕೊಡುವುದು ಈ ಕೂಟದ ಕೆಲಸ. ಅಂಥ ಮಗುವನ್ನು ಮೊದಲು ಮಾತಾಡಿಸುವವರು ಯಾರು ಎನ್ನುವುದರ ಮೇಲೆ ಎಷ್ಟೋ ಸಲ ಅದರ ಮುಂದಿನ ದಾರಿ ನಿಂತಿರುತ್ತದೆ.

ರೈಲು ನಿಲ್ದಾಣದಲ್ಲೋ ಬಸ್ ನಿಲ್ದಾಣದಲ್ಲೋ ಒಂಟಿಯಾಗಿ, ದಿಕ್ಕುಕಾಣದೆ ಕೂತ ಮಗು ನಿಮ್ಮ ಕಣ್ಣಿಗೆ ಬಿದ್ದರೆ ದಯವಿಟ್ಟು ದಾಟಿ ಹೋಗಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಅವರು ಬರುವವರೆಗೆ ಆ ಮಗುವಿನ ಪಕ್ಕದಲ್ಲಿ ಕೂತಿರಿ. ಕರೆಗೆ ಕಾಸು ಬೇಕಿಲ್ಲ.