ಜ್ಞಾನೋದಯದ ಮೂರು ಪ್ರಶ್ನೆಗಳು: ತಿರುವನಂತಪುರದಿಂದ ಕೊಚ್ಚಿಯವರೆಗೆ

ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ ತಲೆದೋರಿದ ವಿಚಾರಕ್ರಾಂತಿಗೆ ಇತಿಹಾಸಕಾರರು ಜ್ಞಾನೋದಯವೆಂದು ಹೆಸರಿಟ್ಟಿದ್ದಾರೆ. ಆ ಕಾಲದ ಚಿಂತಕರು ಎತ್ತಿದ ಪ್ರಶ್ನೆಗಳು ಅನೇಕವಾದರೂ ಅವುಗಳನ್ನು ಮೂರಾಗಿ ವಿಂಗಡಿಸಬಹುದು. ಮತಧರ್ಮದ ಅಧಿಕಾರವು ಮನುಷ್ಯನ ವಿವೇಕದ ಮೇಲೆ ಎಲ್ಲಿಯವರೆಗೆ ಸಲ್ಲುತ್ತದೆ? ಆಳುವವರ ಅಧಿಕಾರಕ್ಕೆ ಮೇರೆ ಯಾವುದು? ಹುಟ್ಟಿನಿಂದ ಬಂದ ಮೇಲುಕೀಳಿಗೆ ನ್ಯಾಯದ ಆಧಾರವುಂಟೆ? ಈ ಪ್ರಶ್ನೆಗಳೇ 19ನೆಯ ಶತಮಾನದ ಕೊನೆಯಲ್ಲಿ ತಿರುವಾಂಕೂರು ಮತ್ತು ಕೊಚ್ಚಿ ಸಂಸ್ಥಾನಗಳಲ್ಲಿ ಹೊಸ ರೂಪದಿಂದ ಎದ್ದು ನಿಂತವು. ಹೊರನಾಡ ಕನ್ನಡಿಗರಿಗೆ ಈ ಚರಿತ್ರೆಯಲ್ಲಿ ವಿಶೇಷ ಆಸಕ್ತಿ ಹುಟ್ಟಲು ಕಾರಣವಿದೆ. ಅದರ ಒಂದು ಮುಖ್ಯ ಎಳೆ ಬೆಂಗಳೂರಿನ ಮೂಲಕವೇ ಹಾದುಹೋಗಿದೆ.

ಮೊದಲು ಯೂರೋಪಿನ ಮಾತು. ಆತ್ಮದ ಉದ್ಧಾರವು ಪ್ರಭುತ್ವದ ಕೆಲಸವಲ್ಲ, ದಂಡಭಯದಿಂದ ನಂಬಿಕೆ ಹುಟ್ಟುವುದಿಲ್ಲವೆಂದು ಇಂಗ್ಲೆಂಡಿನ ಜಾನ್ ಲಾಕನು 1689ರಲ್ಲಿ ವಾದಿಸಿದನು. ಶಾಸನ, ಆಡಳಿತ, ನ್ಯಾಯ ಇವು ಒಂದೇ ಕೈಯಲ್ಲಿ ಸೇರಿದರೆ ಸ್ವಾತಂತ್ರ್ಯ ಉಳಿಯದೆಂದು ಮಾಂಟೆಸ್ಕ್ಯೂ 1748ರಲ್ಲಿ ತೋರಿಸಿದನು. 1762ರಲ್ಲಿ ರೂಸೋ ಪ್ರಜೆಗಳ ಒಟ್ಟು ಇಚ್ಛೆಯೇ ಪರಮಾಧಿಕಾರದ ಮೂಲವೆಂದನು. ಅದೇ ವರ್ಷ ತೂಲೂಸ್ ನಗರದ ಪ್ರಾಟೆಸ್ಟೆಂಟ್ ವ್ಯಾಪಾರಿ ಜಾನ್ ಕಲಾಸನು ಮತದ್ವೇಷಕ್ಕೆ ತುತ್ತಾಗಿ ಮರಣದಂಡನೆಗೆ ಗುರಿಯಾದಾಗ ವಾಲ್ಟೇರನು ಲೇಖನಿ ಹಿಡಿದು ಹೋರಾಡಿದನು. 1765ರಲ್ಲಿ ಆ ತೀರ್ಪು ರದ್ದಾಯಿತು. ಪರರ ಆಸರೆಯಿಲ್ಲದೆ ಸ್ವಂತ ಬುದ್ಧಿಯನ್ನು ಬಳಸುವ ಧೈರ್ಯವೇ ಜ್ಞಾನೋದಯವೆಂದು ಕಾಂಟನು 1784ರಲ್ಲಿ ಇವೆಲ್ಲದರ ಸಾರವನ್ನು ಹೇಳಿದನು.

ಆದರೆ ಈ ಮಹನೀಯರ ವಿಚಾರಕ್ಕೂ ಎಲ್ಲೆಗಳಿದ್ದವು. ಮತಸಹಿಷ್ಣುತೆಯನ್ನು ಸಾರಿದ ಲಾಕನು ನಾಸ್ತಿಕರನ್ನು ಅದರಿಂದ ಹೊರಗಿಟ್ಟನು. ಗುಲಾಮರ ವ್ಯಾಪಾರ ನಡೆಸುತ್ತಿದ್ದ ಕಂಪನಿಯಲ್ಲಿ ಹಣವನ್ನೂ ತೊಡಗಿಸಿದ್ದನು. ಮನುಷ್ಯ ಸ್ವಾತಂತ್ರ್ಯವನ್ನು ಕೊಂಡಾಡಿದ ರೂಸೋ, ಹೆಣ್ಣಿನ ಶಿಕ್ಷಣವೆಲ್ಲ ಗಂಡಿನ ಅನುಕೂಲಕ್ಕಾಗಿ ಎಂದು ಬಗೆದನು. ಒಬ್ಬನು ಒಂದು ಗೋಡೆಯನ್ನು ಒಡೆದು ಇನ್ನೊಂದರ ಮುಂದೆ ನಿಂತುಬಿಡುತ್ತಾನೆ. ಅಲ್ಲಿಂದ ಮುಂದಿನ ಕೆಲಸ ಬೇರೊಬ್ಬನದಾಗುತ್ತದೆ. ಕೇರಳದ ಚರಿತ್ರೆಯೂ ಇದೇ ಕ್ರಮದಲ್ಲಿ ನಡೆದಿದೆ.

ತಿರುವನಂತಪುರದ ಪೇಟ್ಟದಲ್ಲಿ 1863ರಲ್ಲಿ ಜನಿಸಿದ ಡಾಕ್ಟರ್ ಪಲ್ಪು ಅವರು ಈಳವ ಸಮುದಾಯದವರು. ಮದರಾಸಿನಲ್ಲಿ ವೈದ್ಯಶಿಕ್ಷಣ ಮುಗಿಸಿ ಬಂದರೂ ಹುಟ್ಟಿದ ಸಂಸ್ಥಾನದಲ್ಲಿ ಅವರಿಗೆ ಸರ್ಕಾರಿ ಉದ್ಯೋಗ ದೊರೆಯಲಿಲ್ಲ. ಅಡ್ಡ ಬಂದದ್ದು ಜಾತಿ. ಮೈಸೂರು ಸಂಸ್ಥಾನ ಅವರನ್ನು ಸೇವೆಗೆ ತೆಗೆದುಕೊಂಡಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಡಿದಾಗ ಪ್ರಾಣಭಯವನ್ನು ಲೆಕ್ಕಿಸದೆ ದುಡಿದ ವೈದ್ಯರಲ್ಲಿ ಅವರೂ ಒಬ್ಬರು. ಬೆಂಗಳೂರಿನ ಅವರ ಮನೆಯ ಆಶ್ರಯದಲ್ಲಿಯೇ ಕುಮಾರನ್ ಆಶಾನ್ ಅವರು ಸಂಸ್ಕೃತ ವ್ಯಾಸಂಗ ಮಾಡಿ ಮುಂದೆ ಮಲಯಾಳದ ಮಹಾಕವಿಯಾದರು. ಪಲ್ಪು ಅವರು ಹೂಡಿದ ಆಯುಧ ವಿಜ್ಞಾಪನಪತ್ರ. ತೆರಿಗೆ ಕೊಡುವ ಪ್ರಜೆಗೆ ಶಾಲೆಯ ಬಾಗಿಲೂ ಕಚೇರಿಯ ಬಾಗಿಲೂ ಏಕೆ ಮುಚ್ಚಿರಬೇಕೆಂಬ ಪ್ರಶ್ನೆಯನ್ನು ಹೊತ್ತ ಈಳವರ ವಿಜ್ಞಾಪನೆಯು 13,176 ಸಹಿಗಳೊಡನೆ 1896ರಲ್ಲಿ ತಿರುವಾಂಕೂರಿನ ಮಹಾರಾಜರಿಗೆ ಸಂದಿತು. ಬೇಡಿಕೆ ಈಡೇರಲಿಲ್ಲ, ಆದರೆ ಪ್ರಭುತ್ವದಿಂದ ಲೆಕ್ಕ ಕೇಳುವ ಅಭ್ಯಾಸ ನಾಡಿಗೆ ಬಂದಿತು. 1903ರಲ್ಲಿ ನಾರಾಯಣ ಗುರುಗಳ ಅಧ್ಯಕ್ಷತೆಯಲ್ಲಿ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗವು ಸ್ಥಾಪಿತವಾದಾಗ ಆಶಾನರು ಅದರ ಕಾರ್ಯದರ್ಶಿಯಾದರು.

ಎರಡನೆಯ ಪ್ರಶ್ನೆಯನ್ನು ಇನ್ನಷ್ಟು ತೀಕ್ಷ್ಣವಾಗಿ ಕೇಳಿದವರು ಪತ್ರಿಕಾಕರ್ತ ರಾಮಕೃಷ್ಣ ಪಿಳ್ಳೆ. ವಕ್ಕಂ ಮೌಲವಿಯವರು ಸ್ಥಾಪಿಸಿದ 'ಸ್ವದೇಶಾಭಿಮಾನಿ' ಪತ್ರಿಕೆಯಲ್ಲಿ ಅವರು ದಿವಾನ ರಾಜಗೋಪಾಲಾಚಾರಿಯವರ ಆಡಳಿತವನ್ನು ಎಡೆಬಿಡದೆ ಖಂಡಿಸಿದರು. 1910ರ ಸೆಪ್ಟೆಂಬರ್ 26ರಂದು ಸರ್ಕಾರ ಮುದ್ರಣಾಲಯವನ್ನು ವಶಪಡಿಸಿಕೊಂಡು ಸಂಪಾದಕರನ್ನು ಗಡೀಪಾರು ಮಾಡಿತು. 1912ರಲ್ಲಿ ಕಾರ್ಲ್ ಮಾರ್ಕ್ಸನ ಜೀವನಚರಿತ್ರೆಯನ್ನು ಮಲಯಾಳದಲ್ಲಿ ಹೊರತಂದ ಅವರು 1916ರಲ್ಲಿ ಕಣ್ಣೂರಿನಲ್ಲಿ ತೀರಿಕೊಂಡರು. ಇಂಥ ನಿರ್ಭೀತ ಪುರುಷನೇ, 1910ರಲ್ಲಿ ಪುಲಯರ ಮಕ್ಕಳಿಗೆ ಶಾಲೆಯ ಪ್ರವೇಶ ಕೊಡುವ ಮಾತು ಬಂದಾಗ, ಅವರನ್ನು ಇತರ ಮಕ್ಕಳೊಡನೆ ಕೂರಿಸಬಾರದೆಂದು ಬರೆದರೆಂಬುದು ಮರೆಯಲಾಗದ ಸಂಗತಿ. ದಿವಾನರ ಅಧಿಕಾರಕ್ಕೆ ಮೇರೆ ಹಾಕಬಲ್ಲ ವಿವೇಕ ಜಾತಿಯ ಮುಂದೆ ನಿಂತುಹೋಯಿತು.

ಆ ಗೋಡೆಗೆ ಕೈಹಾಕಿದವರು ಅಕ್ಷರಜ್ಞಾನವನ್ನೇ ಪಡೆಯಲಾಗದ ಅಯ್ಯನ್‌ಕಾಳಿಯವರು. ಪಲ್ಪು ಅವರು ಹುಟ್ಟಿದ ವರ್ಷವೇ ತಿರುವನಂತಪುರದ ಸಮೀಪದ ವೆಂಗಾನೂರಿನಲ್ಲಿ ಪುಲಯರ ಮನೆಯಲ್ಲಿ ಹುಟ್ಟಿದ ಅವರು, ತಮ್ಮವರಿಗೆ ನಿಷಿದ್ಧವಾಗಿದ್ದ ಸಾರ್ವಜನಿಕ ರಸ್ತೆಯಲ್ಲಿ 1893ರಲ್ಲಿ ಎತ್ತಿನ ಬಂಡಿಯೇರಿ ನಡೆದರು. ಮಕ್ಕಳಿಗೆ ಶಾಲೆ ಸಿಕ್ಕದಿದ್ದರೆ ಗದ್ದೆಗಿಳಿಯುವುದಿಲ್ಲವೆಂದು ಕೂಲಿಕಾರರನ್ನು ಒಗ್ಗೂಡಿಸಿದರು. ಸಮಾನತೆಯ ವಾದವನ್ನು ಅವರು ಗ್ರಂಥದಲ್ಲಿ ಬರೆಯದೆ ದಾರಿಯಲ್ಲಿ ನಡೆದು ತೋರಿಸಿದರು.

ಇನ್ನು ಕೊಚ್ಚಿ. ಈಳವರೂ ತಮಗಿಂತ ಕೆಳಗಿನವರೆಂದು ಪುಲಯರನ್ನು ದೂರವಿಡುತ್ತಿದ್ದರು. ತಮ್ಮ ಮೇಲಿನವರಿಂದ ಸಮತೆಯನ್ನು ಬೇಡುವವರು ಕೆಳಗಿನವರಿಗೆ ಅದನ್ನು ನಿರಾಕರಿಸುವುದು ನ್ಯಾಯವೆ? ತಿರುವನಂತಪುರದಲ್ಲಿ ಪದವಿ ಪಡೆದು ಬಂದ ಈಳವ ಯುವಕ ಅಯ್ಯಪ್ಪನ್ ಅವರು 1917ರ ಮೇ ತಿಂಗಳಲ್ಲಿ ವೈಪಿನ್ ದ್ವೀಪದ ಚೆರಾಯಿಯಲ್ಲಿ ಪುಲಯರೊಡನೆ ಸಹಭೋಜನ ನಡೆಸಿದರು. ಅನ್ನ, ಕಡಲೆ, ಹಲಸಿನ ಬೀಜದ ಸಾಮಾನ್ಯ ಊಟವದು; ಅದಕ್ಕಾಗಿ ಸ್ವಜಾತಿಯವರೇ ಬಹಿಷ್ಕಾರ ಹಾಕಿದರು, 'ಪುಲಯನ್ ಅಯ್ಯಪ್ಪನ್' ಎಂದು ಹಳಿದರು. ಅವರು ಆ ಹೆಸರನ್ನು ಗೌರವವೆಂದೇ ಸ್ವೀಕರಿಸಿದರು. 'ಸಹೋದರನ್' ಎಂಬ ಪತ್ರಿಕೆ ನಡೆಸಿ ಅದರ ಹೆಸರಿನಿಂದಲೇ ಪ್ರಸಿದ್ಧರಾದರು.

ಮತಧರ್ಮದ ಪ್ರಶ್ನೆಯಲ್ಲಿ ಗುರುಶಿಷ್ಯರ ದಾರಿ ಕವಲೊಡೆಯಿತು. 1888ರಲ್ಲಿ ಅರುವಿಪ್ಪುರದಲ್ಲಿ ಸ್ವತಃ ಶಿವನನ್ನು ಪ್ರತಿಷ್ಠಿಸಿ ಪೌರೋಹಿತ್ಯದ ಏಕಸ್ವಾಮ್ಯವನ್ನು ಮುರಿದಿದ್ದ ನಾರಾಯಣ ಗುರುಗಳು ದೇವರನ್ನು ಬಿಡಲಿಲ್ಲ. 1924ರಲ್ಲಿ ಆಲುವಾದಲ್ಲಿ ಸರ್ವಮತ ಸಮ್ಮೇಳನವನ್ನು ಕೂಡಿಸಿ, ಅದು ವಾದಿಸಿ ಗೆಲ್ಲುವುದಕ್ಕಲ್ಲ, ಪರಸ್ಪರ ಅರಿಯುವುದಕ್ಕೆಂದು ತಿಳಿಸಿದರು. ಅಯ್ಯಪ್ಪನ್ ಅವರಾದರೋ ಜಾತಿ, ಮತ, ದೇವರು ಮೂರೂ ಮನುಷ್ಯನಿಗೆ ಬೇಡವೆಂದು ಸಾರಿ, 1929ರಲ್ಲಿ ಆರಂಭವಾದ 'ಯುಕ್ತಿವಾದಿ' ಪತ್ರಿಕೆಯ ಸಂಪಾದಕರಾದರು. ಹೀಗಿದ್ದೂ ಗುರುಗಳು ಶಿಷ್ಯನನ್ನು ದೂರಮಾಡಲಿಲ್ಲ. ಲಾಕನು ನಾಸ್ತಿಕರಿಗೆ ಕೊಡದಿದ್ದ ಸಹಿಷ್ಣುತೆ ಕೇರಳದ ಒಬ್ಬ ಸಂನ್ಯಾಸಿಯಲ್ಲಿತ್ತು.

ಇವರೆಲ್ಲರ ಶ್ರಮಕ್ಕೆ ಪ್ರಭುತ್ವ ಮಣಿದದ್ದು ನಿಧಾನವಾಗಿ. ತಿರುವಾಂಕೂರಿನಲ್ಲಿ ದೇವಾಲಯ ಪ್ರವೇಶದ ಘೋಷಣೆ 1936ರ ನವೆಂಬರ್ 12ರಂದು ಬಂದಿತು. ಕೊಚ್ಚಿಯಲ್ಲಿ ಸ್ವಾತಂತ್ರ್ಯದ ಹೊತ್ತಿನವರೆಗೂ ಕಾಯಬೇಕಾಯಿತು. ಯೂರೋಪಿನಲ್ಲಿ ವಿಚಾರಕ್ಕೆ ಮೊದಲ ಎದುರಾಳಿ ಚರ್ಚು, ಇಲ್ಲಿ ಜಾತಿ. ಆದುದರಿಂದ ಇಲ್ಲಿನ ಜ್ಞಾನೋದಯವು ರಸ್ತೆ, ಶಾಲೆ, ಕಚೇರಿ, ಊಟದ ಎಲೆಗಳ ಮೇಲೆ ಪರೀಕ್ಷೆಗೊಳಗಾಯಿತು. ಕಲ್ಯಾಣದ ಶರಣರ ನೆನಪುಳ್ಳ ಕನ್ನಡಿಗರಿಗೆ ಇದು ಅಪರಿಚಿತವಲ್ಲ.

ಪಲ್ಪು ಅವರಿಗೆ ಆಶ್ರಯವಿತ್ತುದಕ್ಕೆ ಮೈಸೂರು ಹೆಮ್ಮೆಪಡಬಹುದು. ಆದರೆ ಅದೇ ಮೈಸೂರಿನಲ್ಲಿ ಹಿಂದುಳಿದವರಿಗೆ ಸರ್ಕಾರಿ ಉದ್ಯೋಗದಲ್ಲಿ ಪಾಲು ದೊರಕಿಸುವ ಸಲುವಾಗಿ 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಬೇಕಾಯಿತೆಂಬುದೂ ಅಷ್ಟೇ ನಿಜ. ಪರನಾಡಿನಲ್ಲಿ ನಿಂತು ಹುಟ್ಟುನಾಡಿನ ಅನ್ಯಾಯವನ್ನು ಕಾಣುವುದು ಸುಲಭ. ನೆಲೆಸಿದ ನಾಡಿನ ಒಳಿತನ್ನೂ, ತಾನು ನಿಂತ ಮೆಟ್ಟಿಲಿನ ಕೆಳಗಿರುವವರನ್ನೂ ಒಟ್ಟಿಗೆ ಕಾಣುವುದು ಕಠಿಣ. ಚೆರಾಯಿಯ ಆ ಊಟ ಕಲಿಸುವುದು ಈ ಕಠಿಣ ಪಾಠವನ್ನೇ.