ಪುಸ್ತಕ ಮುಟ್ಟಲು ಬಿಟ್ಟ ಶಾನಭಾಗರು

ಕರಾವಳಿಯಿಂದ ಮುಂಬಯಿಗೆ ಬಂದು ಹೆಸರು ಮಾಡಿದವರೆಂದರೆ ನಮಗೆ ಮೊದಲು ನೆನಪಾಗುವವರು ಹೋಟೆಲು ಮಾಲಕರು. ಸಂಘಗಳ ಸಭಾಗೃಹಗಳಲ್ಲಿ ಅವರ ಭಾವಚಿತ್ರಗಳಿವೆ, ಅವರ ಹೆಸರಿನ ದತ್ತಿನಿಧಿಗಳಿವೆ. ಅದು ಸಲ್ಲತಕ್ಕದ್ದೇ. ಆದರೆ ಫೋರ್ಟಿನ ಸ್ಟ್ರ್ಯಾಂಡ್ ಬುಕ್ ಸ್ಟಾಲಿನ ಟಿ. ಎನ್. ಶಾನಭಾಗರೂ ಮಂಗಳೂರು ಕಡೆಯವರೇ. 2009ರ ಫೆಬ್ರವರಿ 27ರಂದು ಅವರು ತೀರಿಕೊಂಡ ಮೇಲೆ ನಮ್ಮ ವೇದಿಕೆಗಳಲ್ಲಿ ಅವರ ಹೆಸರು ಕೇಳಿದ್ದು ನನಗಂತೂ ನೆನಪಿಲ್ಲ. ಅಂಗಡಿಯಲ್ಲಿದ್ದದ್ದು ಹೆಚ್ಚಾಗಿ ಇಂಗ್ಲಿಷ್ ಪುಸ್ತಕಗಳು ಎಂಬುದು ಕಾರಣವಿದ್ದೀತು.

ಆ ಅಂಗಡಿ ಹುಟ್ಟಿದ್ದು ಒಂದು ಅವಮಾನದಿಂದ. ವಿದ್ಯಾರ್ಥಿಯಾಗಿದ್ದಾಗ ಪುಸ್ತಕದಂಗಡಿಯೊಂದರಲ್ಲಿ ಪುಸ್ತಕ ಮುಟ್ಟಿ ನೋಡಿದ್ದಕ್ಕೆ ಅವರನ್ನು ಗದರಿದರಂತೆ. ಯಾರು ಬೇಕಾದರೂ ಪುಸ್ತಕ ಬಿಡಿಸಿ ನೋಡಬಹುದಾದ ಅಂಗಡಿಯನ್ನು ತಾನೇ ಇಡುವುದೆಂದು ಅವರು ನಿಶ್ಚಯಿಸಿದರು. 1948ರಲ್ಲಿ 450 ರೂಪಾಯಿ ಬಂಡವಾಳದಲ್ಲಿ, ಕೊಲಾಬಾದ ಸ್ಟ್ರ್ಯಾಂಡ್ ಚಿತ್ರಮಂದಿರದ ಒಂದು ಮೂಲೆಯಲ್ಲಿ ವ್ಯಾಪಾರ ಆರಂಭವಾಯಿತು. ಚಿತ್ರಮಂದಿರದ ಹೆಸರೇ ಅಂಗಡಿಗೂ ಬಂತು. ಮುಂದೆ ಅದು ಫೋರ್ಟಿನ ಸರ್ ಪಿ. ಎಂ. ರಸ್ತೆಗೆ ಬಂದು ನೆಲೆಯೂರಿತು.

ಈಗ ದಿಂಡೋರಿಯ ಶಾಖೆಯಲ್ಲಿ ದ್ರಾಕ್ಷಿ ಬೆಳೆಗಾರರ ಸಾಲದ ಖಾತೆ ನೋಡುವ ನನಗೆ ಶಾನಭಾಗರ ಲೆಕ್ಕ ಇಂದಿಗೂ ಸೋಜಿಗ. ಪ್ರಕಾಶಕರು ಬಿಡುವ ಕಮಿಷನ್ನಿನಲ್ಲೇ ಬಾಡಿಗೆ, ಸಂಬಳ, ಲಾಭ ಎಲ್ಲವೂ ಹೊರಡಬೇಕು. ಅದರಲ್ಲಿ ಶೇ. 20ರಷ್ಟನ್ನು ಅವರು ಗಿರಾಕಿಗೇ ಬಿಟ್ಟುಕೊಡುತ್ತಿದ್ದರು. ಒಂದು ಪುಸ್ತಕದಲ್ಲಿ ಕಳೆದದ್ದು ಹತ್ತು ಪುಸ್ತಕದ ಮಾರಾಟದಲ್ಲಿ ಕೂಡಿಬರಬೇಕು. ಕೂಡಿಬಂತು ಎನ್ನುವುದಕ್ಕೆ ಚರ್ಚ್‌ಗೇಟಿನ ಸುಂದರಬಾಯಿ ಹಾಲಿನಲ್ಲಿ ಅವರು ನಡೆಸುತ್ತಿದ್ದ ಮಾರಾಟ ಮೇಳದ ನೂಕುನುಗ್ಗಲೇ ಸಾಕ್ಷಿ.

ತೊಂಬತ್ತರ ದಶಕದ ಆರಂಭದಲ್ಲಿ ನಾನು ಹಗಲು ಫೋರ್ಟಿನಲ್ಲಿ ಕೆಲಸ ಮಾಡಿ, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದೆ. ಊಟದ ಬಿಡುವಿನಲ್ಲಿ ಆ ಇಕ್ಕಟ್ಟಿನ ಅಂಗಡಿಗೆ ಹೋಗುತ್ತಿದ್ದವರಲ್ಲಿ ನಾನೂ ಒಬ್ಬ. ಕಿಸೆಯಲ್ಲಿ ಬಸ್ಸಿನ ಚಿಲ್ಲರೆ ಮಾತ್ರ. ನಿಂತು ಓದಿ, ಕಾಸ್ಟಿಂಗ್ ಪುಸ್ತಕದ ಲೆಕ್ಕಗಳನ್ನು ಮನಸ್ಸಿನಲ್ಲೇ ಬಿಡಿಸಿ, ಪುಸ್ತಕವನ್ನು ತೆಗೆದಲ್ಲೇ ಇಟ್ಟು ಬರುತ್ತಿದ್ದೆ. ಏನು ಬೇಕು ಎಂದು ಯಾರೂ ಕೇಳಿದ್ದಿಲ್ಲ. ಮೊದಲ ಸಂಬಳದಲ್ಲಿ ಕೊಂಡದ್ದೂ ಅಲ್ಲಿಯೇ, ಅದನ್ನು ಬೇರೆ ಹೇಳಬೇಕೇ!

2003ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪುಸ್ತಕ ಮಾರಿದವರಿಗೆ ಆ ಗೌರವ ಸಿಕ್ಕಿದ್ದು ಸಣ್ಣ ಮಾತಲ್ಲ. ತಂದೆಯ ನಂತರ ಮಗಳು ವಿದ್ಯಾ ವೀರ್ಕರ್ ಅಂಗಡಿ ನಡೆಸಿದರು. ಆದರೆ ಮನೆಯಲ್ಲೇ ಕುಳಿತು ಪುಸ್ತಕ ತರಿಸುವ ಕಾಲ ಬಂದಿತ್ತು. 2018ರ ಫೆಬ್ರವರಿಯಲ್ಲಿ ಬಾಗಿಲು ಮುಚ್ಚಿತು. ಸ್ಟ್ರ್ಯಾಂಡಿನಲ್ಲಿ ಪಳಗಿ, ಬೆಂಗಳೂರಿನಲ್ಲಿ 1971ರಲ್ಲಿ ಪ್ರೀಮಿಯರ್ ಬುಕ್ ಶಾಪ್ ತೆರೆದ ಅವರ ಬಂಧು ಟಿ. ಎಸ್. ಶಾನಭಾಗರೂ 2021ರಲ್ಲಿ ಹೋದರು.

ನಾಶಿಕದ ಕನ್ನಡ ಬಂಧುಗಳಲ್ಲಿ ಒಂದು ಅರಿಕೆ. ಬರುವ ಫೆಬ್ರವರಿ 27ಕ್ಕೆ ಶಾಲು, ಹಾರ, ಭಾಷಣ ಯಾವುದೂ ಬೇಡ. ಒಂದು ಮೇಜು ಹಾಕಿ ಕನ್ನಡ ಪುಸ್ತಕಗಳನ್ನು ಹರಡೋಣ, ಶೇ. 20 ರಿಯಾಯಿತಿಯ ಹೊರೆಯನ್ನು ಹತ್ತು ಜನ ಹಂಚಿಕೊಳ್ಳೋಣ. ಮಕ್ಕಳು ಬಂದು ಮುಟ್ಟಿ ನೋಡಲಿ, ಕೊಳ್ಳದೆ ಹೋದರೂ ಸರಿಯೇ. ಮೇಜು ಮತ್ತು ಬಿಲ್ ಪುಸ್ತಕದ ಜವಾಬ್ದಾರಿ ನನಗಿರಲಿ.