ಗಡಿನಾಡಿನ ವಕೀಲರೂ ಕನ್ನಡ ಬರವಣಿಗೆಯೂ

ವಕೀಲರ ಬರವಣಿಗೆಯೆಂದರೆ ದಾವಾ, ಕೈಫಿಯತ್ತು, ನೋಟೀಸು ಇಷ್ಟೇ ಎಂಬುದು ಸಾಮಾನ್ಯರ ಭಾವನೆ. ಕೋರ್ಟಿನ ಹೊರಗಿನ ಜನಕ್ಕಾಗಿ ಅವರು ಬರೆಯಬಹುದಾದುದು ಬೇರೊಂದುಂಟು. ಅದರಿಂದ ಜನರಿಗೆ ಕಾಯದೆ ತಿಳಿಯುವುದು, ಬರೆದವರಿಗೆ ಹೆಸರೂ ಬರುವುದು. ಅಂಗಡಿಕಾರರೂ ಕಾರಖಾನೆಯವರೂ ಈಚೆಗೆ ಇದನ್ನೇ ಒಂದು ಮಾರಾಟವಿದ್ಯೆಯಾಗಿ ಬೆಳೆಸಿಕೊಂಡಿದ್ದಾರೆ. ವಕೀಲರಿಗೆ ಮಾತ್ರ ಆ ದಾರಿ ತೆರೆದಿಲ್ಲ.

1961ರ ವಕೀಲರ ಕಾಯದೆಯ ಆಧಾರದಿಂದ ಭಾರತೀಯ ವಕೀಲರ ಪರಿಷತ್ತು ಮಾಡಿದ 36ನೆಯ ನಿಯಮದಂತೆ ವಕೀಲನು ಜಾಹೀರಾತಿನಿಂದಾಗಲಿ ದಲ್ಲಾಳಿಗಳ ಮುಖಾಂತರವಾಗಲಿ ಕೆಲಸ ಬೇಡತಕ್ಕದ್ದಲ್ಲ. ತಾನು ನಡೆಸುವ ಖಟ್ಲೆಯ ಬಗ್ಗೆ ಪತ್ರಿಕೆಯಲ್ಲಿ ಬರೆಯಿಸುವುದು, ಭಾವಚಿತ್ರ ಹಾಕಿಸುವುದು ಸಲ್ಲದು. ಬಾಗಿಲಿನ ಫಲಕ ಕೂಡ ಮಿತವಾಗಿರಬೇಕು. ಮುಂಬಯಿಯ ಕೋರ್ಟಿನ ಬಾಗಿಲಲ್ಲಿ ಕಕ್ಷಿದಾರರಿಗಾಗಿ ವಕೀಲರು ಎಳೆದಾಡಿದ ಪ್ರಕರಣವು 1975ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದುದುಂಟು. 2008ರಲ್ಲಿ ನಿಯಮ ತುಸು ಸಡಿಲಿ, ಅಂತರಜಾಲ ತಾಣದಲ್ಲಿ ಹೆಸರು, ವಿಳಾಸ, ಸನದಿನ ಸಂಖ್ಯೆ, ವಿದ್ಯಾರ್ಹತೆ, ಕೆಲಸದ ಕ್ಷೇತ್ರ ಇವನ್ನು ಕೊಡಲು ಅನುಮತಿ ದೊರೆಯಿತು. ಆತ್ಮಸ್ತುತಿಗೆ ಅಲ್ಲಿಯೂ ಎಡೆಯಿಲ್ಲ. ಹೀಗಾಗಿ ವಕೀಲನಿಗೆ ಉಳಿಯುವುದು ತಿಳಿವಳಿಕೆ ಕೊಡುವ ಲೇಖನವೊಂದೇ. ಇದು ಕೊರತೆಯೆಂದು ನಾವು ಬಗೆಯುವುದಿಲ್ಲ.

ಕನ್ನಡದಲ್ಲಿ ಈ ಪರಂಪರೆ ಹೊಸದಲ್ಲ. ಧಾರವಾಡದಲ್ಲಿ ವಕೀಲಿ ಹಿಡಿದ ಆಲೂರ ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಹೊರತಂದರು. ಗದಗಿನ ಹುಯಿಲಗೋಳ ನಾರಾಯಣರಾಯರೂ ವಕೀಲರೇ. ಆದರೆ ಅವರ ಲೇಖನಿ ನಾಡಿನ ಕೆಲಸಕ್ಕೆ ಹರಿಯಿತು. ಕಾಯದೆಯನ್ನು ಮನೆಮಾತಿನಲ್ಲಿ ಬಿಡಿಸಿ ಹೇಳುವ ಕೆಲಸ ಗಡಿಭಾಗದಲ್ಲಿ ಬಹುಮಟ್ಟಿಗೆ ಹಾಗೆಯೇ ಉಳಿದಿದೆ.

ಕುಪವಾಡದಲ್ಲಿ ನಿಂತು ನೋಡಿದರೆ ಇದರ ಅಗತ್ಯ ಕಾಣುವುದು. ತೇರದಾಳ, ಶಿರಹಟ್ಟಿಗಳು 1948ರ ವಿಲೀನದವರೆಗೆ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದವು. ಇಂದಿಗೂ ಜತ್ತ ತಾಲೂಕಿನಲ್ಲಿ ಕನ್ನಡ ಶಾಲೆಗಳುಂಟು. ಕುಪವಾಡದ ಔದ್ಯೋಗಿಕ ವಸಾಹತಿನಲ್ಲಿ ದುಡಿಯುವವರಲ್ಲಿ ಕನ್ನಡ ಮನೆಮಾತಿನವರಿದ್ದಾರೆ. ಕೆಳಗಿನ ನ್ಯಾಯಾಲಯಗಳ ಭಾಷೆ ಮರಾಠಿ. ಮಾತಿಗೆ ಮರಾಠಿ ಬಂದರೂ ಕಾಗದದ ಮರಾಠಿ ಬಾರದವರು ಅನೇಕರು.

ಶಬ್ದಗಳನ್ನೇ ನೋಡೋಣ. ‘ಜಾಹೀರು’ ಎಂದರೆ ಎಲ್ಲರಿಗೂ ಪ್ರಕಟವಾದುದು. ‘ಜಾಹೀರಾತು’ ಅದರ ಒಡಹುಟ್ಟು. ವಕೀಲನಿಗೆ ಎರಡನೆಯದು ನಿಷಿದ್ಧ, ಮೊದಲನೆಯದು ನಿತ್ಯದ ಕೆಲಸ. ಜಮೀನಿನ ಖರೀದಿಗೆ ಮುನ್ನ ಪತ್ರಿಕೆಯಲ್ಲಿ ಬರುವ ‘ಜಾಹೀರ ನೋಟೀಸ’ನ್ನು ಬರೆಯುವವರು ಅವರೇ. ಅದರಲ್ಲಿ ‘ಹರಕತ’ ಇದ್ದವರು ಇಷ್ಟು ದಿನಗಳೊಳಗೆ ತಿಳಿಸಬೇಕೆಂದಿರುತ್ತದೆ. ನಮ್ಮ ಕಡೆ ‘ಹರಕತ್ತಿಲ್ಲ’ ಎಂದರೆ ಅಡ್ಡಿಯಿಲ್ಲ ಎಂದಷ್ಟೇ ಅರ್ಥ. ಇಲ್ಲಿ ‘ಹರಕತ’ವೆಂದರೆ ಬರೆದು ಕೊಡಬೇಕಾದ ತಕರಾರು. ‘ಕೈಫಿಯತ್ತು’ ಎಂದೊಡನೆ ಅಧ್ಯಾಪಕರಿಗೆ ಮೆಕೆಂಜಿ ಸಂಗ್ರಹಿಸಿದ ಗ್ರಾಮಚರಿತ್ರೆಗಳು ನೆನಪಾಗುವುವು. ಕೋರ್ಟಿನಲ್ಲಿ ಅದು ಪ್ರತಿವಾದಿಯ ಲಿಖಿತ ಉತ್ತರ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಬಲ್ಲ ಶಬ್ದ ‘ಹಕ್ಕಸೋಡಪತ್ರ’. ಕನ್ನಡದಲ್ಲಿ ಇದನ್ನು ‘ಹಕ್ಕು ಬಿಡುಗಡೆ ಪತ್ರ’ ಎನ್ನುವರು. ‘ಬಿಡುಗಡೆ’ ಕಿವಿಗೆ ಸುಖವಾದ ಮಾತು. ಹೆಣ್ಣುಮಗಳು ತನಗೇನೋ ಬಿಡುಗಡೆ ದೊರೆಯಿತೆಂದು ತಿಳಿಯಲೂ ಸಾಕು! ‘ನನ್ನ ಪಾಲು ಬಿಟ್ಟುಕೊಟ್ಟ ಪತ್ರ’ ಎಂದು ಬರೆದರೆ ಸಹಿಗೆ ಮುನ್ನ ಕೈ ತಡೆದೀತು. ಅವಿಭಕ್ತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು ಮಹಾರಾಷ್ಟ್ರವೂ ಕರ್ನಾಟಕವೂ 1994ರಲ್ಲಿಯೇ ಕೊಟ್ಟವು. ಆದರೆ ಅದಕ್ಕೆ ಮುನ್ನ ಮದುವೆಯಾದವರನ್ನು ಹೊರಗಿಟ್ಟವು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಲ್ಲಿ ಆ ಭೇದವಿಲ್ಲ. ಆ ವೇಳೆಗೆ ತಂದೆ ಬದುಕಿರಬೇಕಾದ ಅಗತ್ಯವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಹೇಳಿತು. ಇಷ್ಟನ್ನು ಒಂದು ಪುಟದಲ್ಲಿ ತಿಳಿಗನ್ನಡದಲ್ಲಿ ಬರೆದ ವಕೀಲರು ತಮ್ಮ ಹೊಗಳಿಕೆಯ ಒಂದು ಸಾಲನ್ನೂ ಸೇರಿಸಬೇಕಾಗಿಲ್ಲ. ಸ್ತ್ರೀಯರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುವುದು 1987ರ ಕಾಯದೆಯಿಂದ ಎಂಬುದನ್ನೂ ಅಲ್ಲಿಯೇ ಹೇಳಬಹುದು.

ಬರೆಯುವ ಕ್ರಮದಲ್ಲಿ ಒಂದೆರಡು ಸೂಚನೆಗಳು. ಒಂದು ಲೇಖನಕ್ಕೆ ಒಂದೇ ಪ್ರಶ್ನೆ ಇರಲಿ. ಯಾವ ಕಾಗದ ತರಬೇಕು, ಯಾವ ಕಚೇರಿಗೆ ಹೋಗಬೇಕು, ಅವಧಿ ಎಷ್ಟು ಎಂಬುದು ಮೊದಲು ಬರಲಿ. ಕಲಮುಗಳ ಸಂಖ್ಯೆ ಆಮೇಲೆ. ತಮ್ಮ ಕಕ್ಷಿದಾರರ ಕಥೆ ಬೇಡ, ಗೆಲುವಿನ ಭರವಸೆ ಬೇಡವೇ ಬೇಡ. ಕರಡನ್ನು ಊರಿನ ಕನ್ನಡ ಶಾಲೆಯ ಗುರುಗಳಿಗೆ ಒಮ್ಮೆ ತೋರಿಸಲಿ. ಅವರು ಎಲ್ಲಿ ತಡವರಿಸುವರೋ ಅಲ್ಲಿ ಪಾಲಕರೂ ತಡವರಿಸುವರು. ಪಾಲಕರ ಸಭೆಯಲ್ಲಿ ಅದನ್ನು ಓದಿ ಹೇಳುವುದಕ್ಕೆ ಕಾಲು ಗಂಟೆ ಸಾಕು.

ಮರಾಠಿಯ ಮೂಲ ಶಬ್ದವನ್ನು ಮಾತ್ರ ಕೈಬಿಡಬಾರದು. ಕನ್ನಡ ಅರ್ಥದ ಪಕ್ಕದಲ್ಲಿ ಅದನ್ನು ಕನ್ನಡ ಲಿಪಿಯಲ್ಲಿಯೇ ಬರೆಯಬೇಕು. ಏಕೆಂದರೆ ನೋಂದಣಿ ಕಚೇರಿಯ ಮೇಜಿನ ಮೇಲೆ ಓದಿ ಹೇಳುವಾಗ ಆ ಹೆಣ್ಣುಮಗಳ ಕಿವಿಗೆ ಬೀಳುವುದು ‘ಹಕ್ಕಸೋಡಪತ್ರ’ ಎಂಬ ಮಾತೇ.